ಮಾವನ ತೋಳು, ನನ್ನ ತೂಕ

ನನ್ನ ಸೋದರಮಾವನಿಗೆ ತೋಳು ಬಂದದ್ದು ಐವತ್ತು ದಾಟಿದ ಮೇಲೆ. ಅದಕ್ಕೆ ಮುಂಚೆ ಅವರಿಗಿದ್ದದ್ದು ಬರೀ ಅಂಗಿಯ ತೋಳು! ಗುಬ್ಬಿ ಪೇಟೆಯಲ್ಲಿ ಅವರದೊಂದು ಬಟ್ಟೆ ಅಂಗಡಿ. ಬಾಗಿಲಲ್ಲಿ ನಿಲ್ಲಿಸಿದ ಬೊಂಬೆಯ ಪಕ್ಕ ಅವರು ನಿಂತರೆ, ಗಿರಾಕಿಗಳು ಬೊಂಬೆಯನ್ನೇ ಯಜಮಾನರೆಂದುಕೊಳ್ಳಬೇಕು. ಅಷ್ಟು ತೆಳು.

ಕಳೆದ ವರ್ಷ ನನ್ನ ಮದುವೆ ಗೊತ್ತಾಯಿತು. ನಮ್ಮ ಕಡೆ ಮದುಮಗಳನ್ನು ಸೋದರಮಾವ ತೋಳಲ್ಲಿ ಎತ್ತಿಕೊಂಡು ಮಂಟಪಕ್ಕೆ ತರುವುದು ಪದ್ಧತಿ. ಈಗ ಯಾರು ಎತ್ತುತ್ತಾರೆ? ಕೈ ಹಿಡಿದು ನಡೆಸಿಕೊಂಡು ಬರುತ್ತಾರೆ, ಫೋಟೊದವನು ಹೇಳಿದಲ್ಲಿ ನಿಂತು ನಗುತ್ತಾರೆ, ಮುಗಿಯಿತು. ಸದಾಶಿವನಗರದ ನಮ್ಮ ಮನೆಗೆ ಬಂದ ಮಾವನಿಗೆ ಅಮ್ಮ ಅದನ್ನೇ ಹೇಳಿದಳು.

“ನಡೆಸ್ಕೊಂಡು ಬಾರೋ, ಸಾಕು. ನಿನ್ನ ಸೊಂಟ ಉಳುಕಿದ್ರೆ ನಾವು ಮದುವೆ ಮಾಡೋದಾ, ನಿನಗೆ ಎಣ್ಣೆ ನೀವೋದಾ?”

“ನಡಕೊಂಡು ಬರೋದಾದ್ರೆ ಸೋದರಮಾವ ಯಾಕಕ್ಕ ಬೇಕು? ಅವಳಿಗೇನು ಕಾಲಿಲ್ವಾ?”

ಮಾವನಿಗೆ ಮಕ್ಕಳಿಲ್ಲ. ಇರುವವಳು ಒಬ್ಬಳೇ ಅಕ್ಕ. ಆ ಅಕ್ಕನಿಗೆ ನಾನೊಬ್ಬಳೇ ಮಗಳು. ಜೀವಮಾನದಲ್ಲಿ ಅವರು ಎತ್ತಿ ತರಬಹುದಾದ ಮದುಮಗಳು ನಾನೊಬ್ಬಳೇ. ಎತ್ತಿಯೇ ತೀರುತ್ತೇನೆಂದು ಟೀ ಲೋಟ ಕುಕ್ಕಿ ಎದ್ದರು.

ಜಿಮ್‌ಗೆ ಹೋಗಿ ಎಂದೆ. “ಅಲ್ಲಿರೋ ಹುಡುಗ್ರೆಲ್ಲ ನನ್ನ ಗಿರಾಕಿಗಳು ಕಣೇ. ಅವ್ರ ಮುಂದೆ ಬನಿಯನ್ನಲ್ಲಿ ನಿಂತ್ಕೊಳ್ಳೋಕಾಗುತ್ತಾ?” ಸರಿ, ಮನೆಯ ತಾರಸಿಯೇ ಗರಡಿಯಾಯಿತು. ಎರಡು ಪೇಂಟ್ ಡಬ್ಬಕ್ಕೆ ಸಿಮೆಂಟ್ ತುಂಬಿ, ನಡುವೆ ಕಬ್ಬಿಣದ ಪೈಪು ನೆಟ್ಟರು. ತಿನ್ನಲು ಕಡಲೆಬೀಜ, ಮೊಳಕೆ ಹುರುಳಿಕಾಳು. ಹುರುಳಿಕಾಳಿನ ಪರಿಣಾಮಗಳನ್ನು ಅತ್ತೆ ನನಗೆ ವಿವರವಾಗಿ ಹೇಳಿದ್ದಾರೆ; ನಾನಿಲ್ಲಿ ಬರೆಯುವುದಿಲ್ಲ.

ಒಂದು ದಿನ ಫೋನು ಬಂತು. “ಏನೇ, ನಿನ್ನ ತೂಕ ಎಷ್ಟು?” ಹಿಂದೆ ಗಿರಾಕಿಗಳು ಚೌಕಾಸಿ ಮಾಡುವ ಸದ್ದು, ಮಾವ ಫೋನನ್ನು ಸ್ಪೀಕರಿಗೆ ಹಾಕಿದ್ದರು! ಎಂಎಸ್ಸಿ ಅಂಕಗಳನ್ನೇ ನೆಂಟರಿಗೆ ಹೇಳದವಳು ನಾನು, ತೂಕ ಹೇಳುತ್ತೇನೆಯೇ? ಕರೆ ಕತ್ತರಿಸಿದೆ. ಅವರು ಬಿಡಲಿಲ್ಲ, ಅಂದಾಜಿನ ಮೇಲೆ ಒಂದು ರಾಗಿ ಮೂಟೆ ಕಟ್ಟಿ, ನೋಡಲು ನಮ್ಮನ್ನು ಗುಬ್ಬಿಗೆ ಕರೆಸಿಕೊಂಡರು.

“ಇದು ನೀನು,” ಎಂದು ಮೂಟೆಯನ್ನು ನನಗೆ ಪರಿಚಯಿಸಿದರು. “ಒಡವೆಗೆ ಅಂತ ನಾಲ್ಕು ಸೇರು ಜಾಸ್ತಿ ಹಾಕಿದೀನಿ.”

“ನಾಲ್ಕು ಸೇರು ಒಡವೆ ಹಾಕೋಕೆ ನಾವೇನು ಅರಮನೆಯೋರೇನೋ?” ಎಂದಳು ಅಮ್ಮ.

ಮಾವ ಉಸಿರು ಬಿಗಿಹಿಡಿದು, ಮೂಟೆಯನ್ನು ಒಂದೇ ಏಟಿಗೆ ಹೆಗಲಿಗೇರಿಸಿ ತಾರಸಿ ಸುತ್ತಿದರು. ಅಮ್ಮ ಚಪ್ಪಾಳೆ ತಟ್ಟಿದಳು. ಅತ್ತೆ ತಟ್ಟಲಿಲ್ಲ.

“ಅಲ್ರೀ, ಹುಡುಗೀನ ಹೆಗಲ ಮೇಲೆ ಹಾಕ್ಕೊಂಡು ಹೋಗ್ತೀರಾ? ಗಂಡಿನ ಕಡೆಯೋರು ಮೊದ್ಲು ಏನು ನೋಡ್ಬೇಕು, ಅಂಗಾಲಾ?”

ಮಾವನ ಮುಖ ನೋಡಬೇಕಿತ್ತು. ಬಟ್ಟೆಯ ಹೊರೆಗಳನ್ನು ಹೊತ್ತ ರೂಢಿಯಲ್ಲಿ ಇಷ್ಟು ದಿನ ಹೆಗಲನ್ನೇ ಬೆಳೆಸಿದ್ದರು! ತೋಳಲ್ಲಿ ಎತ್ತಲು ಹೋದರೆ ಮೂಟೆ ಮೊಣಕಾಲಿನಿಂದ ಮೇಲೆ ಬರಲಿಲ್ಲ. ಮದುವೆ ಹತ್ತಿರ ಬಂದಿತ್ತು.

“ಬಿಟ್ಬಿಡಿ ಮಾವ,” ಎಂದೆ.

“ಸುಮ್ನಿರೇ,” ಎಂದವರೇ ಮೂಟೆಯ ಬಾಯಿ ಬಿಚ್ಚಿ ಅರ್ಧ ರಾಗಿ ಸುರಿದರು. ಅಲ್ಲಿಂದ ಮತ್ತೆ ಶುರು. ಅಷ್ಟು ತೋಳಿಗೆ ಹಗುರವಾದಾಗ ಒಂದು ಸೇರು ಹೆಚ್ಚು. ಅದೂ ಹಗುರವಾದಾಗ ಇನ್ನೊಂದು. ಗೋಣಿಗೆ ಹಿಡಿತವಿರುತ್ತದೆ, ರೇಷ್ಮೆ ಜಾರುತ್ತದೆ. ಇದು ಬಟ್ಟೆ ವ್ಯಾಪಾರಿಗೆ ಹೊಳೆಯದೇ ಇರುತ್ತದೆಯೇ? ಅತ್ತೆಯ ಹಸಿರು ರೇಷ್ಮೆ ಸೀರೆ ಮೂಟೆಯ ಮೈಗೇರಿತು.

ಹಪ್ಪಳ ಒಣಗಿಸಲು ಪಕ್ಕದ ತಾರಸಿ ಹತ್ತಿದ್ದ ಹೆಂಗಸು ಅತ್ತೆಯ ಬಳಿ ಓಡಿ ಬಂದರಂತೆ. “ನಿಮ್ಮನೆಯವ್ರು ಯಾರನ್ನೋ ಎತ್ಕೊಂಡು ಓಡಾಡ್ತಾವ್ರೆ ಕಣಕ್ಕ!”

ಅತ್ತೆ ಸೊಪ್ಪು ಸೋಸುತ್ತಲೇ ಕೇಳಿದರು: “ಸೀರೆ ಯಾವ ಬಣ್ಣ?”

“ಹಸಿರು.”

“ಹಂಗಾದ್ರೆ ರಾಗಿ. ಬುಡಿ.”

ಮದುವೆಯ ದಿನ ಕುಣಿಗಲ್‌ನ ಛತ್ರದಲ್ಲಿ ಮಾವ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು. ಯಾರೋ, “ಯಜಮಾನ್ರೇ, ಕುರ್ಚಿ ತರ್ಸೋಣ್ವಾ? ಕೂರಿಸ್ಕೊಂಡು ನಾಲ್ಕು ಜನ ಎತ್ತಲಿ,” ಎಂದು ನಕ್ಕರು. ಮಾವ ಅತ್ತ ತಿರುಗಲೇ ಇಲ್ಲ. ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗೆ ಮಾಡಿ, ನನ್ನನ್ನು ಎತ್ತಿದರು. ನೆಲ ದೂರವಾಯಿತು. ನಾನು ಯಾರ ಕುತ್ತಿಗೆಗೂ ಕೈ ಹಾಕುವವಳಲ್ಲ, ಹಾಕಿದೆ.

ಓಲಗದ ಸದ್ದಿನ ನಡುವೆ ಅವರ ತೋಳು ಸಣ್ಣಗೆ ನಡುಗುವುದು ನನಗೆ ಮಾತ್ರ ತಿಳಿಯುತ್ತಿತ್ತು. ಹೆಜ್ಜೆ ನಡುಗಲಿಲ್ಲ. ಮಂಟಪದ ಮೆಟ್ಟಿಲು ಹತ್ತುವಾಗ ನೋಡಿದರೆ ಅವರ ಕಣ್ಣು ತುಂಬಿತ್ತು. ಎಲ್ಲಿ ಏನು ಉಳುಕಿತೋ ಎಂದು ಹೆದರಿ ಕಿವಿಯಲ್ಲಿ ಕೇಳಿದೆ: “ಭಾರ ಆಯ್ತಾ ಮಾವ?”

“ತೂಕನೇ ಇಲ್ವಲ್ಲೇ!” ಎಂದರು ಮಾವ, ಗಾಬರಿಯಾಗಿ. “ಬೆಳಗ್ಗೆಯಿಂದ ನಿನಗೆ ಯಾರೂ ಏನೂ ತಿನ್ನೋಕೆ ಕೊಟ್ಟಿಲ್ವಾ?”