ವಾರಕ್ಕೆರಡು ಹೃದಯಾಘಾತದ ಮಹಾಶಯರು

ವಾರಕ್ಕೆ ಎರಡು ಸಲ ಹೃದಯಾಘಾತ ಮಾಡಿಸಿಕೊಂಡು, ಮೂರನೆಯ ದಿನ ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿಸಿಕೊಂಡು, ಐದರ ಬಸ್ಸಿಗೆ ನಗುನಗುತ್ತಾ ಮನೆಗೆ ಬರುವ ಮನುಷ್ಯರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ದುಬೈಯ ದೇರಾದಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲೇ ಇದ್ದರು!

ಹೆಸರು ಬೇಡ. ಐರ್ಲೆಂಡಿನವರು, ಅರವತ್ತು ದಾಟಿದವರು. ವೃತ್ತಿಯಿಂದ ನಟ, ಪಿಟೀಲುವಾದಕ ಮತ್ತು ಕತೆಗಾರ. ಬರೆಯುವ ಕತೆಗಾರರಲ್ಲ, ಎದುರು ಕೂರಿಸಿಕೊಂಡು ಹೇಳುವವರು. ಮೂರು ಕಸುಬು ಗೊತ್ತಿದ್ದವರಿಗೆ ಮೂರು ಪಟ್ಟು ಕೆಲಸ ಸಿಗಬೇಕಲ್ಲವೇ? ನಾನು ದೇರಾದಲ್ಲಿ ಕಮೋಡು, ಕೊಳಾಯಿ ಮಾರುವ ಅಂಗಡಿಯ ಮ್ಯಾನೇಜರು. ನನಗೆ ಒಂದೇ ಕಸುಬು ಗೊತ್ತು, ಅದೂ ಅರ್ಧ. ಆದರೆ ಇಪ್ಪತ್ತು ವರ್ಷಗಳಲ್ಲಿ ಒಂದು ದಿನವೂ ಕೆಲಸವಿಲ್ಲದೆ ಕುಳಿತಿಲ್ಲ. ಕಲೆಗೂ ಕಮೋಡಿಗೂ ಇರುವ ವ್ಯತ್ಯಾಸ ಇದೇ ಇರಬೇಕು.

ತಮ್ಮ ದೇಶದಲ್ಲಿ ಅವರು ಮೂವತ್ತು ವರ್ಷ ನಾಟಕ ತಂಡಗಳ ಜೊತೆ ಊರೂರು ಸುತ್ತಿದವರು. ಒಮ್ಮೆ ಟಿವಿ ಧಾರಾವಾಹಿಯಲ್ಲಿ ಅಂಚೆಯವನ ಪಾತ್ರವೂ ಸಿಕ್ಕಿತ್ತಂತೆ. ಜನ ಮೆಚ್ಚಿಕೊಳ್ಳುತ್ತಿದ್ದಾರೆ ಅನ್ನುವಷ್ಟರಲ್ಲಿ ಆರನೇ ಕಂತಿಗೆ ಸೈಕಲ್ಲಿನಿಂದ ಬೀಳಿಸಿ ಕೊಂದುಬಿಟ್ಟರು. ಆಮೇಲೆ ದುಬೈಯ ಹೋಟೆಲೊಂದು ಐರಿಷ್ ಪಬ್ಬು ತೆರೆದು, ಪಿಟೀಲು ಬಾರಿಸಲು ಇವರನ್ನು ಕರೆಸಿಕೊಂಡಿತು. ಎರಡು ವರ್ಷ ಎಲ್ಲ ಚೆನ್ನಾಗಿತ್ತು. ಮೂರನೆಯ ವರ್ಷ ಹೋಟೆಲಿನವರಿಗೆ ಜ್ಞಾನೋದಯವಾಗಿ ಪಬ್ಬನ್ನು ಜಪಾನಿ ಊಟದ ಮನೆ ಮಾಡಿದರು. ಹಸಿ ಮೀನಿನ ಮುಂದೆ ಐರಿಷ್ ಪಿಟೀಲು ಯಾರಿಗೆ ಬೇಕು? ಮಹಾಶಯರು ಪಿಟೀಲಿನ ಪೆಟ್ಟಿಗೆ ಹಿಡಿದು ಹೊರಗೆ ಬಂದರು. ಊರಿಗೆ ಹೋಗುವ ಬದಲು ದೇರಾಕ್ಕೆ ಬಂದರು.

ಬಿಳಿ ಚರ್ಮದವರು ಸಮುದ್ರ ಕಾಣುವ ಗೋಪುರಗಳಲ್ಲಿರುತ್ತಾರೆ ಎಂಬುದು ನಮ್ಮ ಕಟ್ಟಡದವರ ದೃಢ ನಂಬಿಕೆ. ಹಾಗಾಗಿ ಇವರು ಏನೋ ತಪ್ಪು ಮಾಡಿ ತಲೆಮರೆಸಿಕೊಂಡಿದ್ದಾರೆ ಎಂದು ಮೊದಲ ತಿಂಗಳು ಎಲ್ಲರೂ ಅನುಮಾನಿಸಿದರು. ಎರಡನೇ ತಿಂಗಳು ಪಿಟೀಲು ಕೇಳಿಸಿತು. ಕೆಳಮನೆಯ ಮಂಗಳೂರಿನ ಬಾಯಮ್ಮ, ಪಿಟೀಲಿಗೆ ತನ್ನ ತಕರಾರಿಲ್ಲ, ತಾಳಕ್ಕೆ ಅವರು ನೆಲಕ್ಕೆ ಕುಟ್ಟುವ ಕಾಲಿಗೆ ಮಾತ್ರ ತಕರಾರು ಎಂದು ವಾಚ್‌ಮನ್ನನ ಬಳಿ ದೂರು ಕೊಟ್ಟರು. ಮರುದಿನದಿಂದ ಮಹಾಶಯರು ದಿಂಬಿನ ಮೇಲೆ ಕಾಲಿಟ್ಟು ಬಾರಿಸತೊಡಗಿದರು. ಬಾಯಮ್ಮ ಸಂತೋಷಪಟ್ಟು ಒಂದು ಡಬ್ಬಿ ಸಾನ್ನ ಕಳಿಸಿದರು. ಅದು ಇಡ್ಲಿಯಂಥ ತಿಂಡಿ ಎಂದು ಯಾರೂ ಹೇಳದ್ದರಿಂದ ಅವರು ಅದಕ್ಕೆ ಜಾಮ್ ಹಚ್ಚಿಕೊಂಡು ತಿಂದರು.

ದುಬೈಯಲ್ಲಿ ಅವರಿಗೆ ಸಿಕ್ಕಿದ ನಟನೆಯ ಕೆಲಸಗಳ ಕತೆ ಕೇಳಬೇಕು ನೀವು. ಡಿಸೆಂಬರಿನಲ್ಲಿ ಮಾಲಿನಲ್ಲಿ ಸಾಂತಾಕ್ಲಾಸು. ಜನವರಿಯಲ್ಲಿ ಅದೇ ಮಾಲಿನಲ್ಲಿ ಕಡಲ್ಗಳ್ಳ. ಗಡ್ಡ ಮಾತ್ರ ಒಂದೇ! ಉಳಿದ ತಿಂಗಳುಗಳಲ್ಲಿ ಕರೆ ಬಂದರೆ ಒಂದೇ ಪಾತ್ರಕ್ಕೆ: ಇಂಗ್ಲಿಷ್ ಸಾಹೇಬ. ಟೂತ್‌ಪೇಸ್ಟಿನ ಜಾಹೀರಾತಿಗೆ ಇಂಗ್ಲಿಷ್ ಡಾಕ್ಟರು, ಶಾಲೆಯ ಜಾಹೀರಾತಿಗೆ ಇಂಗ್ಲಿಷ್ ಹೆಡ್‌ಮಾಸ್ತರು. ಐರಿಷ್ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲವಂತೆ. “ನಮ್ಮ ಅಜ್ಜಂದಿರು ಇಂಗ್ಲಿಷರನ್ನು ಓಡಿಸಿದ್ದು ನಾನು ಇಲ್ಲಿ ಅವರ ಕೋಟು ಹಾಕಿಕೊಳ್ಳಲಿಕ್ಕೋ?” ಎಂದು ನನ್ನ ಬಳಿ ಗೋಳಾಡುತ್ತಿದ್ದರು. ಅಜ್ಜಂದಿರ ವಿಷಯದಲ್ಲಿ ನಮ್ಮದೂ ಅದೇ ಕತೆಯಾದ್ದರಿಂದ ನಾನು ತಲೆಯಾಡಿಸುತ್ತಿದ್ದೆ.

ಒಮ್ಮೆ ಫ್ಲ್ಯಾಟು ಮಾರುವ ಕಂಪನಿಯೊಂದು ಇವರನ್ನು ‘ಲಂಡನ್ನಿನ ಅಧ್ಯಕ್ಷರು’ ಎಂದು ಸಮಾರಂಭದ ವೇದಿಕೆಯಲ್ಲಿ ಕೂರಿಸಿತು. ಸೂಟು ಕಂಪನಿಯದೇ. ತಲೆಯಾಡಿಸಬೇಕು, ಕೈಕುಲುಕಬೇಕು, ಬಾಯಿ ತೆರೆಯಬಾರದು ಎಂದು ಕರಾರು. ಆದರೆ ಕೊಳ್ಳಲು ಬಂದ ಹೆಂಗಸೊಬ್ಬಳು ನೇರವಾಗಿ ಇವರ ಬಳಿಯೇ ಬಂದು, ಬಾಲ್ಕನಿಯಿಂದ ಸಮುದ್ರ ಕಾಣುತ್ತದೆಯೇ ಎಂದು ಕೇಳಿದಳು. ಇವರಿಗೆ ಸುಳ್ಳು ಹೇಳಲು ಬರುವುದು ಟಿಕೆಟ್ಟು ಕೊಂಡು ಕುಳಿತ ಪ್ರೇಕ್ಷಕರ ಎದುರು ಮಾತ್ರ.

“ನಾನು ಸಮುದ್ರ ನೋಡಿಲ್ಲ, ಬಾಲ್ಕನಿ ನೋಡಿಲ್ಲ, ಕಟ್ಟಡವನ್ನೂ ನೋಡಿಲ್ಲ ತಾಯಿ. ಅದಿನ್ನೂ ಕಟ್ಟಿದಂತಿಲ್ಲ,” ಅಂದರಂತೆ.

ಅಲ್ಲಿಗೆ ಲಂಡನ್ನಿನ ಅಧ್ಯಕ್ಷಗಿರಿ ಖಲಾಸ್. ಸೂಟನ್ನು ಹಿಂದಿನ ಬಾಗಿಲಲ್ಲೇ ಬಿಚ್ಚಿಸಿಕೊಂಡರು.

ಇಂಥವರನ್ನು ನಮ್ಮ ಕನ್ನಡ ಬಳಗದ ರಾಜ್ಯೋತ್ಸವಕ್ಕೆ ಕರೆದುಕೊಂಡು ಹೋದದ್ದು ನನ್ನದೇ ತಪ್ಪು. ನಾನು ಬಳಗದ ಜಂಟಿ ಕಾರ್ಯದರ್ಶಿ. ಜಂಟಿ ಎಂದರೆ ಕುರ್ಚಿ ಜೋಡಿಸುವವನು ಎಂದರ್ಥ. ಇವರಿಗೆ ಅರ್ಧ ಗಂಟೆ ಕತೆ ಹೇಳುವ ಅವಕಾಶ, ಕನ್ನಡಕ್ಕೆ ಅನುವಾದ ನನ್ನದು ಎಂದು ನಿಗದಿಯಾಗಿತ್ತು. ಆದರೆ ಪ್ರಾಯೋಜಕರಿಗೆ ಸನ್ಮಾನ, ಪ್ರಾಯೋಜಕರ ಪತ್ನಿಗೆ ಸನ್ಮಾನ, ಸನ್ಮಾನ ಮಾಡಿದವರಿಗೂ ಒಂದು ಸನ್ಮಾನ, ಹೀಗೆ ನಡೆದು ಮಹಾಶಯರ ಸರದಿ ಬರುವಾಗ ಸಭಾಂಗಣದ ತುಂಬ ಬಿರಿಯಾನಿಯ ಪರಿಮಳ! ನಿರೂಪಕರು ಅವರನ್ನು ‘ಐಸ್‌ಲೆಂಡಿನ ಹೆಮ್ಮೆಯ ಪುತ್ರ’ ಎಂದು ಬರಮಾಡಿಕೊಂಡರು. ತಲೆಗೆ ಮೈಸೂರು ಪೇಟ ಇಟ್ಟರು. ಅದು ಕಣ್ಣಿನವರೆಗೆ ಇಳಿಯಿತು.

ಮಹಾಶಯರು ಪೇಟವನ್ನು ಮೇಲೆತ್ತಿ ಕತೆ ಶುರುಮಾಡಿದರು. ಒಬ್ಬ ಮೀನುಗಾರ, ಅವನಿಗೊಬ್ಬ ಜಿಪುಣ ಅಣ್ಣ, ಇಬ್ಬರ ನಡುವೆ ಒಂದು ದೋಣಿ. ಹೇಳುತ್ತಾ ಮಹಾಶಯರೇ ಅಲೆಯಾದರು, ದೋಣಿಯಾದರು, ಮುದುಕಿಯಾಗಿ ಅತ್ತರು. ನಾನು ಬಾಯಿ ತೆರೆಯಬೇಕು ಅನ್ನುವಾಗ ಕೆಳಗಿನಿಂದ ಬಳಗದ ಅಧ್ಯಕ್ಷರು ಮಣಿಕಟ್ಟಿನ ಗಡಿಯಾರ ತೋರಿಸಿದರು. ನಾನು ಹೇಳಿದೆ:

“ಒಬ್ಬ ಮೀನುಗಾರ ಇದ್ದ. ಸತ್ತ.”

ಸಭೆ ಗೊಳ್ಳೆಂದು ನಕ್ಕಿತು. ಇಳಿಯುವಾಗ ಮಹಾಶಯರು ನನ್ನ ಭುಜ ಹಿಡಿದು ನಿಲ್ಲಿಸಿದರು. “ನನ್ನ ಮೀನುಗಾರ ಸಾಯಲಿಕ್ಕೆ ಏಳು ನಿಮಿಷ ತೆಗೆದುಕೊಂಡ,” ಅಂದರು. “ನಿನ್ನ ಭಾಷೆ ಬಹಳ ಕ್ರೂರ ಇರಬೇಕು.”

ಈ ಪಾಪ ಪರಿಹಾರಕ್ಕೆಂದೇ ನನ್ನ ಹೆಂಡತಿ ಅವರಿಗೊಂದು ಕೆಲಸ ಹುಡುಕಿಕೊಟ್ಟಳು. ಅವಳು ನರ್ಸು. ಬಸ್ಸಿನಲ್ಲಿ ಎರಡು ಗಂಟೆ ದೂರದ ಅಲ್ ಐನ್ ಪಟ್ಟಣದಲ್ಲಿ ವೈದ್ಯ ವಿದ್ಯಾರ್ಥಿಗಳ ಪರೀಕ್ಷೆಗೆ ರೋಗಿಯಂತೆ ನಟಿಸುವವರು ಬೇಕಾಗಿದ್ದರು. ಹಾಳೆಯಲ್ಲಿ ಕಾಯಿಲೆ ಬರೆದು ಕೊಡುತ್ತಾರೆ, ಅದನ್ನು ಅಭಿನಯಿಸಬೇಕು, ವಿದ್ಯಾರ್ಥಿ ಕಂಡುಹಿಡಿಯಬೇಕು. ಮಹಾಶಯರಿಗೆ ಜೀವಮಾನದ ಪಾತ್ರವೇ ಸಿಕ್ಕಂತಾಯಿತು! ನಮ್ಮ ಕಾರಿಡಾರಿನಲ್ಲಿ ಎದೆ ಹಿಡಿದುಕೊಂಡು ಕುಸಿಯುವ ಅಭ್ಯಾಸ ಶುರುವಾಯಿತು. ನನ್ನ ಮಗಳು ಬಾಗಿಲ ಸಂದಿಯಲ್ಲಿ ನೋಡಿ, “ಪಪ್ಪಾ, ಅಂಕಲ್ ಈಸ್ ಡೈಯಿಂಗ್ ಎಗೇನ್,” ಎಂದು ವರದಿ ಮಾಡಿ ಹೋಮ್‌ವರ್ಕಿಗೆ ಮರಳುತ್ತಿದ್ದಳು.

ಹಾಳೆಯಲ್ಲಿ ‘ಹೊಟ್ಟೆನೋವು, ಎರಡು ದಿನದಿಂದ’ ಎಂದಷ್ಟೇ ಇದ್ದರೆ ಇವರಿಗೆ ಸಾಲದು. ಅದಕ್ಕೊಂದು ಮುರಿದ ಮದುವೆ, ಮಾತುಬಿಟ್ಟ ತಮ್ಮ, ಸತ್ತ ನಾಯಿ ಸೇರಿಸುತ್ತಿದ್ದರು. ವಿದ್ಯಾರ್ಥಿಗಳು ಹೊಟ್ಟೆ ಮುಟ್ಟಿ ನೋಡುವುದನ್ನು ಮರೆತು ಕಣ್ಣೊರೆಸಿಕೊಂಡರು. ಪರೀಕ್ಷಕರು ಕರೆದು, ಹೊಟ್ಟೆನೋವಿಗೂ ನಾಯಿಗೂ ಏನು ಸಂಬಂಧ ಎಂದು ವಿಚಾರಿಸಿದರು. ಹೊಟ್ಟೆ ಕಾರಣವಿಲ್ಲದೆ ನೋಯುತ್ತದೆಯೇ ಎಂದು ಇವರು ತಿರುಗಿ ಕೇಳಿದರು. ಆ ಪ್ರಶ್ನೆಗೆ ವೈದ್ಯಶಾಸ್ತ್ರದಲ್ಲಿ ಉತ್ತರ ಇರಲಿಲ್ಲವೋ ಏನೋ, ಕೆಲಸ ಉಳಿಯಿತು.

ಕಳೆದ ಚಳಿಗಾಲದ ಒಂದು ಸಂಜೆ ಅವರು ಐದರ ಬಸ್ಸಿಗೆ ಬರಲಿಲ್ಲ. ಏಳಕ್ಕೆ ಬಂದರು. ತಮ್ಮ ಮನೆಗೆ ಹೋಗದೆ ನಮ್ಮ ಬಾಗಿಲು ತಟ್ಟಿ, ಸೋಫಾದಲ್ಲಿ ಕುಳಿತು, ನಡೆದದ್ದನ್ನು ಹೇಳಿದರು. ಯಾವ ಅಭಿನಯವೂ ಇಲ್ಲದೆ ಅವರು ಹೇಳಿದ ಕತೆ ನಾನು ಕೇಳಿದ್ದು ಅದೊಂದೇ.

ಅಂದು ಅವರ ಪಾತ್ರ ಬೆನ್ನುನೋವಿನದು. ಸಣ್ಣ ದನಿಯ ಹುಡುಗಿಯೊಬ್ಬಳು ಒಳಗೆ ಬಂದು ನಾಲ್ಕು ಪ್ರಶ್ನೆ ಕೇಳಿದಳು. ಆಮೇಲೆ ಬೆನ್ನು ಬಿಟ್ಟು ಇವರ ತೊಡೆಯ ಮೇಲಿದ್ದ ಬಲಗೈಯನ್ನೇ ನೋಡುತ್ತಾ ಕುಳಿತಳು. ಹೆಬ್ಬೆರಳು ತೋರುಬೆರಳನ್ನು ತಾನೇ ತಾನಾಗಿ ಉಜ್ಜುತ್ತಿತ್ತು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದಳು. ಅದು ಹಾಳೆಯಲ್ಲಿರಲಿಲ್ಲ. ಇವರು ಕೈಯನ್ನು ಜೇಬಿನೊಳಗೆ ಹಾಕಿಕೊಂಡು, ಏನೂ ಇಲ್ಲ ಎಂದರು. ಅವಳು ನಂಬಲಿಲ್ಲ. ಬಲಗೈಯಲ್ಲಿ ನಡುಕ ಇದೆ ಎಂದು ಬರೆದಳು. ಪರೀಕ್ಷಕರು, ಇಲ್ಲದ ಲಕ್ಷಣವನ್ನು ಕಲ್ಪಿಸಿಕೊಂಡಿದ್ದಾಳೆ ಎಂದು ಅವಳನ್ನು ಫೇಲು ಮಾಡಿದರು.

ಬಸ್ಸಿಗೆ ಹೊರಟ ಇವರಿಗೆ ಆ ಹುಡುಗಿ ಕಾರಿಡಾರಿನ ಗೋಡೆಗೆ ಮುಖ ಮಾಡಿ ನಿಂತದ್ದು ಕಾಣಿಸಿತು. ಗೇಟಿನವರೆಗೆ ನಡೆದರಂತೆ. ಬಸ್ಸು ಬಂದು ನಿಂತಿತ್ತಂತೆ. ಹಿಂತಿರುಗಿ ಹೋಗಿ ಪರೀಕ್ಷಕರ ಮೇಜಿನ ಮೇಲೆ ಬಲಗೈ ಇಟ್ಟರು.

“ಇದು ನನ್ನ ನಟನೆ ಅಲ್ಲ,” ಎಂದರು. “ಒಂದು ವರ್ಷದಿಂದ ಇದೆ. ಕಂಡುಹಿಡಿದವಳು ಅವಳೊಬ್ಬಳೇ.”

ಹುಡುಗಿ ಪಾಸಾದಳು. ಮಹಾಶಯರಿಗೆ ಮಾತ್ರ ನಾಳೆಯಿಂದ ಬರಬೇಡಿ ಎಂದು ಬಹಳ ವಿನಯದಿಂದ ಹೇಳಿದರು. ನಿಜವಾದ ಕಾಯಿಲೆ ಇರುವವರನ್ನು ರೋಗಿಯ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲವಂತೆ; ವಿದ್ಯಾರ್ಥಿಗಳಿಗೆ ಗೊಂದಲವಾಗುತ್ತದಂತೆ!

ಪಿಟೀಲಿನ ಕಮಾನು ಹಿಡಿಯುವ ಕೈ ಅದು ಎಂದು ನನಗೆ ಆಗ ಹೊಳೆಯಿತು. ಪಿಟೀಲಿನ ಸದ್ದು ಕೇಳದೆ ಎಷ್ಟು ದಿನವಾಯಿತೆಂದು ಲೆಕ್ಕ ಹಾಕಲು ಹೊರಟೆ, ಸಿಗಲಿಲ್ಲ. ಎದುರಿಗೇ ಇದ್ದುಕೊಂಡೂ ಗಮನಿಸಿರಲಿಲ್ಲ. ಅಡುಗೆಮನೆಗೆ ಹೋಗಿ ಹೆಂಡತಿಗೆ ವಿಷಯ ಹೇಳಿದೆ.

“ನಂಗೆ ಗೊತ್ತುಂಟು,” ಎಂದಳು ಅವಳು, ಚಹಾ ಸೋಸುತ್ತಾ. “ನರ್ಸಿಗೆ ಅಷ್ಟು ಗೊತ್ತಾಗುದಿಲ್ವಾ? ಅವ್ರೇ ಹೇಳ್ಲಿ ಅಂತ ಕಾದದ್ದು.”

ಅವಳು ಲೋಟವನ್ನು ಅರ್ಧದವರೆಗೆ ಮಾತ್ರ ತುಂಬಿದಳು. ನಡುಗಿದರೂ ತುಳುಕದಷ್ಟು. ಕೊಟ್ಟಳು. ಮಹಾಶಯರು ಲೋಟವನ್ನು ನೋಡಿದರು, ಅವಳನ್ನು ನೋಡಿದರು, ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಕುಡಿದರು. ಕುಡಿದು ಮುಗಿಸಿ ಲೋಟವನ್ನು ಅವಳತ್ತ ಚಾಚಿದರು. ಉಳಿದರ್ಧವನ್ನು ಅವಳು ಆಗ ಹೊಯ್ದಳು.