ಏನೂ ಮಾಡದ ತೋಟದಲ್ಲಿ ನಲವತ್ತನೆಯ ದಿನ

ಅಪ್ಪಣ್ಣ: ಸುಟ್ಟಿ? ಅಷ್ಟೂ ರವದಿ ಸುಟ್ಟಿ?

ಕೆಂಪವ್ವ: ಸುಟ್ಟಿಲ್ರಿ ಕಾಕಾ, ನೀರು ಕಾಸೇನಿ. ಬರೇ ಸುಟ್ರ ದಂಡ ಆಕ್ಕೈತಿ.

ಅಪ್ಪಣ್ಣ: ಯಾರು ಹೇಳಿದ್ರು ನಿನಗ?

ಕೆಂಪವ್ವ: ಹೇಳೂದೇನೈತ್ರಿ? ನಿಮ್ಮ ಮನಿಯವ್ರು ಮೊದಲನೇ ಸಲ ಬರಾಕತ್ತಾರ. ಬದನಿ ಮಡಿ ತುಂಬ ಕಬ್ಬಿನ ಒಣಾ ಎಲಿ ಬಿದ್ದಿತ್ತು. ನೋಡಿದವ್ರು ಏನಂದಾರು? ಕಸಾ ಹೊಡದೆ, ಅಂಗಳಾ ಸಾರಿಸಿದೆ, ಹಂಡೇದ ಕೆಳಗ ಉರಿ ಹಚ್ಚಿದೆ. ಎಸ್‌ಟಿ ಬಸ್ಸಿನೊಳಗ ಧೂಳಾಗಿ ಬರ್ತಾರ, ಕೈಕಾಲಿಗೆ ಬಿಸಿನೀರು ಬ್ಯಾಡೇನ್ರಿ?

ಅಪ್ಪಣ್ಣ ತಲೆಯ ಮೇಲೆ ಕೈ ಹೊತ್ತು ಕೂತ. ಕೂರಲು ಕಾರಣವಿತ್ತು. ಹಾಲಿಗೊಂದು, ಸಕ್ಕರೆಗೊಂದು, ನೂಲಿಗೊಂದು ಸಹಕಾರಿ ಸಂಘವಿದ್ದ ಕಾಲವದು. ಏನೂ ಮಾಡದೆ ಇರುವುದಕ್ಕೆ ಮಾತ್ರ ಒಂದು ಸಂಸ್ಥೆ ಇರಲಿಲ್ಲ. ಆ ಕೊರತೆಯನ್ನು ಸಾಂಗ್ಲಿಯ ಅರಿಸಿನ ವ್ಯಾಪಾರಿ ಸಿದ್ರಾಮಪ್ಪನವರು ಕವಲಾಪುರದ ಹೊರಗಿನ ಈ ಮೂರು ಎಕರೆ ಪ್ರಯೋಗದ ತೋಟದಿಂದ ನೀಗಿಸಿದ್ದರು. ಇಲ್ಲಿ ಉಳುವಂತಿಲ್ಲ, ಕಳೆ ಕೀಳುವಂತಿಲ್ಲ, ನೀರೂ ಹಾಕುವಂತಿಲ್ಲ. ಮಣ್ಣಿಗೆ ಕಬ್ಬಿನ ರವದಿ ಹೊದಿಸಿ ಉಳಿದದ್ದನ್ನು ನಿಸರ್ಗಕ್ಕೆ ಬಿಡಬೇಕು. ಸಿದ್ರಾಮಪ್ಪನವರು ಸದ್ಯ ಕೊಲ್ಲಾಪುರದಲ್ಲಿದ್ದರು: 'ರೈತನು ಹೊಲ ಬಿಟ್ಟು ಕದಲಬಾರದು' ಎಂಬ ವಿಷಯದ ಮೇಲೆ ನಾಲ್ಕು ದಿನಗಳ ಉಪನ್ಯಾಸ.

ಮಿರಜದ ಪತ್ತಿನ ಸಹಕಾರಿ ಸಂಘವೊಂದರಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತಿಕೆ ಮಾಡಿ, ಅವಧಿಗೆ ಮೊದಲೇ ನಿವೃತ್ತನಾದ ಅಪ್ಪಣ್ಣ ಇಲ್ಲಿಗೆ ಸ್ವಯಂಸೇವಕನಾಗಿ ಕಲಿಯಲು ಬಂದಿದ್ದ. ಅವನ ಪಾಲಿಗೆ ಬಂದದ್ದು ಮೊಣಕಾಲೆತ್ತರದ ಬದನೆ ಸಸಿಗಳ ಒಂದು ಮಡಿ; ತೋಟದ ಅಡುಗೆ, ಕಸಮುಸುರೆಗೆ ಕೆಂಪವ್ವ ಇದ್ದಳು. ಹೆಂಡತಿ ಸುನಂದಾಬಾಯಿ ಕೊಟ್ಟ ಗಡುವು ನಲವತ್ತು ದಿನ. ಅಷ್ಟರೊಳಗೆ ಸ್ವಂತ ಕೈಯಿಂದ ಏನಾದರೂ ಬೆಳೆದು ತೋರಿಸಬೇಕು. ಇಲ್ಲವಾದರೆ ಆಕೆಯ ಅಣ್ಣ ಧರೆಪ್ಪನ ಕಿರಾಣಿ ಅಂಗಡಿಯಲ್ಲಿ ಕೂತು ಜೀರಿಗೆ ಪೊಟ್ಟಣ ಕಟ್ಟಬೇಕು. ಇವತ್ತು ನಲವತ್ತನೆಯ ದಿನ.

ಅಪ್ಪಣ್ಣ: ಅದು ಕಸ ಅಲ್ಲವಾ ಕೆಂಪವ್ವ! ಭೂಮಿತಾಯಿ ಹೊದಿಕಿ! ಹೊಲದ್ದು ಹೊಲಕ್ಕ ಹೋಗಬೇಕು ಅಂತ ಎಷ್ಟು ಸಲ ಹೇಳೇನಿ? ಈಗ ನೋಡು, ಆಕಿ ಬಿಸಲಾಗ ಬತ್ತಲೆ ನಿಂತಾಳ.

ಕೆಂಪವ್ವ: ಬತ್ತಲೆ ಯಾಕ್ರಿ? ಸುತ್ತಲೂ ರಂಗೋಲಿ ಹಾಕೇನಲ್ಲ.

ಅಪ್ಪಣ್ಣ: ಇನ್ನ ಕಳೆ ಹುಟ್ಟತೈತಿ! ಹೊದಿಕಿ ಇತ್ತಂತ ಇಷ್ಟು ದಿನ ಹುಟ್ಟಿದ್ರೂ ನಿಂತಿದ್ದಿಲ್ಲ. (ದಪ್ಪನೆಯ ವಹಿ ತೆರೆದು) ಕೇಳು. 'ಹನ್ನೊಂದನೆಯ ದಿನ: ನಿನ್ನೆ ಕಂಡ ಗರಿಕೆ ಹುಲ್ಲು ಇಂದು ಮಾಯವಾಗಿದೆ. ನಿಸರ್ಗವೇ ಹಿಂದಕ್ಕೆ ಪಡೆದಿದೆ.'

ಕೆಂಪವ್ವ: ಅದು ನಾ ಕಿತ್ತಿದ್ದು.

ಅಪ್ಪಣ್ಣ ಎರಡು ಹಾಳೆ ಮುಂದೆ ಹೋದ.

ಅಪ್ಪಣ್ಣ: 'ಹದಿನೇಳನೆಯ ದಿನ: ನೀರುಣಿಸದಿದ್ದರೂ ಮಣ್ಣು ತಾನಾಗಿ ತೇವವಾಗಿದೆ. ಭೂಗರ್ಭದ ಕರುಣೆ.'

ಕೆಂಪವ್ವ: ಹದಿನಾರು ಕೊಡ ಹೊತ್ತೇನ್ರಿ. ನಡಾ ಹಿಡಕೊಂಡಿತ್ತು ಅವತ್ತ.

ಅಪ್ಪಣ್ಣ: (ದನಿ ಇಳಿದು) 'ಇಪ್ಪತ್ಮೂರನೆಯ ದಿನ: ಹುಳುಗಳು ಸ್ವಯಂಪ್ರೇರಣೆಯಿಂದ ವಲಸೆ ಹೋದವು.'

ಕೆಂಪವ್ವ: ಎರಡು ಬುಟ್ಟಿ ಬೂದಿ ಉಗ್ಗಿದ್ನಿ. ಅವು ತಾವಾಗೇ ಹೊಂಟಿದ್ದಿಲ್ಲ ಬಿಡ್ರಿ.

ಅಪ್ಪಣ್ಣ: ಯಾವಾಗ ಮಾಡಿದಿ ಇದನ್ನೆಲ್ಲ? ನಾ ಇಲ್ಲೇ ಇದ್ನೆಲ್ಲ?

ಕೆಂಪವ್ವ: ಮುಂಜಾನೆ ಕಣ್ಣು ಮುಚ್ಚಿ ಮಣ್ಣಿನ ಮಾತು ಕೇಳಕೋತ ಕುಂದ್ರತಿದ್ರೆಲ್ಲ, ಆವಾಗ.

ಅಪ್ಪಣ್ಣ: ನನಗ ಕೇಳಸತಿತ್ತು! ಸರಸರ ಅಂತ ಭೂಮಿ ಮಾತಾಡತಿತ್ತು!

ಕೆಂಪವ್ವ: ಅದು ಕಳೆ ತಗಿಯೂ ನನ್ನ ಕುರಪಿ ಸಪ್ಪಳ.

ಅಪ್ಪಣ್ಣ: ಒಂದು ಮಾತು ಹೇಳಬಾರದಾಗಿತ್ತೇನ?

ಕೆಂಪವ್ವ: ಹಿರೇರು ಕಣ್ಣು ಮುಚ್ಚಿ ಕುಂತಾಗ ಹ್ಯಾಂಗ ಎಬ್ಬಸೂದ್ರಿ? ಪೂಜಾ ಅಂತ ತಿಳಕೊಂಡಿದ್ದೆ. ನಿಮಗಿಂತ ಮೊದಲ ಪುಣೆದವ್ರೊಬ್ರು ಬಂದಿದ್ರು, ಅವ್ರದೂ ನಾನ ಮಾಡೇನಿ. ಅವ್ರಿಗೆ ಸರ್ಟಿಫಿಕೇಟ್ ಸಿಕ್ತು. ಹಾರಾನೂ ಹಾಕಿದ್ರು.

ಬೇಲಿಯಾಚೆ ಛತ್ರಿಯೊಂದು ಕಂಡಿತು. ಛತ್ರಿಯ ಕೆಳಗೆ ಸುನಂದಾಬಾಯಿ.

ಅಪ್ಪಣ್ಣ: (ಪಿಸುಗುಟ್ಟಿ) ಕೆಂಪವ್ವಾ, ನಿನ್ನ ಕಾಲು ಬೀಳತೇನಿ. ಆಕಿ ಏನು ಕೇಳಿದ್ರೂ ಕಾಕಾ ಮಾಡ್ಯಾರ ಅನ್ನು. ಇಲ್ಲಂದ್ರ ನನ್ನ ಬಾಳೇವು ಜೀರಿಗಿ ಪೊಟ್ಟಣದಾಗ ಮುಗೀತು.

ಕೆಂಪವ್ವ: ಆತು ಬಿಡ್ರಿ, ಅದೇನು ದೊಡ್ಡದು!

ಸುನಂದಾಬಾಯಿ: (ಒಳಗೆ ಬಂದು) ಅಗಬಾಯಿ! ಎಷ್ಟು ಸ್ವಚ್ಛ ಐತಿ! ಯಾರವಾ ಇಷ್ಟು ಚಂದ ಕಸಾ ಹೊಡದವ್ರು?

ಕೆಂಪವ್ವ: ಕಾಕಾರ್ರಿ.

ಸುನಂದಾಬಾಯಿ: ಸಾರಿಸಿದವ್ರು?

ಕೆಂಪವ್ವ: ಅದೂ ಕಾಕಾರ.

ಅಪ್ಪಣ್ಣ ಕಣ್ಣಲ್ಲೇ ಸಾಕು ಸಾಕು ಎಂದ. ಕೆಂಪವ್ವನಿಗೆ ಹುರುಪು ಬಂದುಬಿಟ್ಟಿತ್ತು.

ಸುನಂದಾಬಾಯಿ: ರಂಗೋಲಿ?

ಕೆಂಪವ್ವ: ಕಾಕಾರದ್ದ ಕೈ! ನವಿಲು ಬರಿತೇನಿ ಅಂದಿದ್ರು, ನಾನ ಬ್ಯಾಡಂದೆ, ಹೊತ್ತಾಕ್ಕೈತಿ ಅಂತ.

ಸುನಂದಾಬಾಯಿ ಛತ್ರಿ ಮಡಿಸಿದಳು.

ಸುನಂದಾಬಾಯಿ: ಅಹೋ, ಕೈ ತೋರಸ್ರಿ.

ಅಪ್ಪಣ್ಣ ತೋರಿಸಿದ. ಬಲಗೈ ಬೆರಳಿಗೆ ಶಾಯಿ ಹತ್ತಿತ್ತು. ಅದನ್ನು ಬಿಟ್ಟರೆ ಬೆಣ್ಣೆಯಂಥ ಕೈ.

ಸುನಂದಾಬಾಯಿ: ಒಂದ ಒಂದು ಗುಳ್ಳಿ ಇಲ್ಲ.

ಅಪ್ಪಣ್ಣ: ಈ ಪದ್ಧತಿಯೊಳಗ ಗುಳ್ಳಿ ಎದ್ರ ತಪ್ಪು ಮಾಡಿದಂಗ, ಸುನಂದಾ.

ಸುನಂದಾಬಾಯಿ: ಹೌದ? ತಂಗಿ, ನಿನ್ನ ಕೈ ತೋರಸು.

ಕೆಂಪವ್ವ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಬೇರೆ ಸಾಕ್ಷಿ ಬೇಕಾಗಲಿಲ್ಲ. ಸುನಂದಾಬಾಯಿ ಒಂದು ಬದನೆಕಾಯಿ ಹಿಚುಕಿ ನೋಡಿದಳು, ಮೂಸಿದಳು, ಆರು ಕಾಯಿ ಕಿತ್ತು ಚೀಲಕ್ಕೆ ಹಾಕಿಕೊಂಡಳು.

ಅಪ್ಪಣ್ಣ: (ಸಣ್ಣ ದನಿಯಲ್ಲಿ) ಹಂಗಾರ ನನ್ನ ಗಂಟು ಕಟ್ಟಲೇನ? ಧರೆಪ್ಪ ಇವತ್ತ ಬಾ ಅಂದಾನೇನು?

ಸುನಂದಾಬಾಯಿ: ಬ್ಯಾಡ. ಇಲ್ಲೇ ಇರ್ರಿ.

ಅಪ್ಪಣ್ಣ: (ಹಿಗ್ಗಿ) ನನಗ ಗೊತ್ತಿತ್ತು! ಪದ್ಧತಿ ಒಪ್ಪಿಗಿ ಆತಲ್ಲ ನಿನಗ!

ಸುನಂದಾಬಾಯಿ: ಇಲ್ಲಿ ನೀವು ಏನೂ ಮಾಡದಿದ್ರ ಬದನಿಕಾಯಿ ಬೆಳೀತಾವ. ಅಲ್ಲಿ ಏನೂ ಮಾಡದಿದ್ರ ನಮ್ಮಣ್ಣನ ಅಂಗಡಿ ಮುಣಗತೈತಿ. ಮತ್ತ ನಲವತ್ತು ದಿನ ಇರ್ರಿ. ಆದ್ರ ಈ ಸಲ ಸಿದ್ರಾಮಪ್ಪಾರ ಕೈ ಕೆಳಗಲ್ಲ, ಈಕಿ ಕೈ ಕೆಳಗ. ಕಲಸ್ತಿಯೇನವಾ?

ಕೆಂಪವ್ವ: ಕಲಸ್ತೇನ್ರಿ ಮಾವಶಿ. ಕಣ್ಣು ತೆರಕೊಂಡಿರಬೇಕು, ಅಷ್ಟ.

ಅಪ್ಪಣ್ಣ ಆಗಲೇ ವಹಿ ತೆರೆದು 'ಮೊದಲನೆಯ ದಿನ' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದ. ಸುನಂದಾಬಾಯಿ ಹಂಡೆಯಲ್ಲಿ ಬೆರಳದ್ದಿದಳು.

ಸುನಂದಾಬಾಯಿ: ನೀರು ಆರ್ಯಾವಲ್ಲವಾ.

ಕೆಂಪವ್ವ: ಒಂದು ಉರಿ ಕೊಟ್ರ ಸಾಕ್ರಿ ಮಾವಶಿ. ಆದ್ರ ರವದಿ ಎಲ್ಲಾ ಮುಗದೈತಿ.

ಇಬ್ಬರೂ ಹೆಂಗಸರು ಅತ್ತಿತ್ತ ನೋಡಿದರು. ಆಮೇಲೆ ಇಬ್ಬರ ಕಣ್ಣೂ ಒಂದೇ ಕಡೆ ನಿಂತವು. ಅಪ್ಪಣ್ಣ ವಹಿಯನ್ನು ಎದೆಗೆ ಅವಚಿಕೊಂಡ.

ಅಪ್ಪಣ್ಣ: ಏ, ಇದು ನನ್ನ ನಲವತ್ತು ದಿನದ ಜ್ಞಾನ!

ಕೆಂಪವ್ವ: ಇಲ್ಲಿ ಕೊಡ್ರಿ ಕಾಕಾ. ಹೊಲದ್ದು ಹೊಲಕ್ಕ ಹೋಗಬೇಕು ಅಂತ ನೀವ ಹೇಳಿದ್ರಿ. ಬೂದಿ ಬದನಿ ಮ್ಯಾಲೆ ಉಗ್ಗೂನು. ಹುಳಾ ಮತ್ತ ಸ್ವಯಂಪ್ರೇರಣೆಲೆ ಹೋಗ್ತಾವ.