ಬಂದರಿಗೊಂದು ಹೆಸರಿನ ಕಾಯಿಪಲ್ಲೆ

ನಮ್ಮ ಕಾಕಾ ಅರ್ಧ ಭೂಮಂಡಲದಲ್ಲಿ ಕುಂಬಳಕಾಯಿ ಚೌಕಾಸಿ ಮಾಡಬಲ್ಲವರಾಗಿದ್ದರು. ಆದರೆ ಅಲ್ಲೆಲ್ಲಿಯೂ ಒಂದು ಲೋಟ ನೀರು ಕೇಳಲಾರರು! ಯಾಕೆನ್ನುತ್ತೀರಾ? ಅವರಿಗೆ ಬರುತ್ತಿದ್ದ ಇಂಗ್ಲಿಷು, ಸ್ಪ್ಯಾನಿಷು ಎರಡರಲ್ಲೂ ಕಾಯಿಪಲ್ಲೆಯ ಹೆಸರು ಬಿಟ್ಟರೆ ಬೇರೆ ಶಬ್ದವೇ ಇರಲಿಲ್ಲ.

ಇದಕ್ಕೆಲ್ಲ ಅವರ ಹಣೆಯ ಮೇಲಿನ ವಿಭೂತಿಯೇ ಕಾರಣ. ಹಳಿಯಾಳದ ಮನೆ ಬಿಟ್ಟು ಮುಂಬೈಗೆ ಹೋಗಿ ಹಡಗಿನ ಅಡಿಗೆಮನೆ ಸೇರಿದ ಮನುಷ್ಯ, ಮಾಂಸ ಮುಟ್ಟೆ, ಮೀನು ಮುಟ್ಟೆ ಎಂದು ಹಟ ಹಿಡಿದರು. ಕಪ್ತಾನ ರೋಸಿಹೋದ. ಇವರನ್ನು ಸಮುದ್ರಕ್ಕೆ ಎಸೆಯುವ ಬದಲು, ಬಂದರು ಬಂದಾಗಲೆಲ್ಲ ಕೈಗೆ ಬುಟ್ಟಿ ಕೊಟ್ಟು ಸಂತೆಗೆ ಅಟ್ಟಿದ. ಎರಡೂ ಅಮೆರಿಕ ಖಂಡಗಳ ಕರಾವಳಿಯನ್ನು ಕಾಕಾ ನೋಡಿದ್ದು ಹೀಗೆ, ಬುಟ್ಟಿಯ ಮೇಲಿಂದ. ಭಾಷೆ ಒಂದೇ ಸ್ಪ್ಯಾನಿಷ್ ಆದರೂ ಬಂದರು ಬದಲಾದಂತೆ ಕಾಯಿಪಲ್ಲೆಯ ಹೆಸರೂ ಬದಲಾಗುತ್ತದೆ ಎಂಬುದು ಅವರಿಗೆ ಅಲ್ಲಿ ಆದ ಜ್ಞಾನೋದಯ.

ರಜೆಗೆ ಊರಿಗೆ ಬಂದರೆ ಆ ಜ್ಞಾನವನ್ನೆಲ್ಲ ತಂದು ನನ್ನ ಅಂಗಡಿಯಲ್ಲಿ ಸುರಿಯುತ್ತಿದ್ದರು. ನಾಲ್ಕನೆಯ ಇಯತ್ತೆಗೇ ಪಾಟಿ ಕೆಳಗಿಟ್ಟು, ಹೆಗಲ ಮೇಲೆ ಚೀಲ ಹೊತ್ತು ನಾನು ಸ್ವಂತ ಎಬ್ಬಿಸಿದ ಕಾಯಿಪಲ್ಲೆ ಅಂಗಡಿ ಅದು. ಅಲ್ಲಿ ಗಿರಾಕಿ ಓಡಿಸುವ ಕೆಲಸಕ್ಕೆ ಕಾಕಾ ಸಂಬಳವಿಲ್ಲದೆ ಕೂತರು!

ಶಿವರಾತ್ರಿಯ ಹಿಂದಿನ ದಿನ ಚಿಗಳ್ಳಿಯ ಗೌಡರೊಬ್ಬರು ಬಂದರು.

"ಗೆಣಸು ಹೆಂಗ್ರಿ?"

"ಯಾವ ಬಂದರದ ಲೆಕ್ಕಕ್ಕ?" ಎಂದರು ಕಾಕಾ. "ವೆರಾಕ್ರೂಜದಾಗ ಕಮೋತೆ ಅಂತಾರ, ಹವಾನಾದಾಗ ಬೊನಿಯಾತೊ. ಬ್ಯೂನಸ್ ಐರಿಸದಾಗ ಬಟಾಟಾ."

"ಬಟಾಟಿ ಬ್ಯಾಡ್ರಿ, ಗೆಣಸು ಬೇಕು."

"ಅದನ್ನ ನಾನೂ ಹೇಳಾಕತ್ತೀನಿ!"

ಗೌಡರು ನನ್ನ ಕಡೆ ತಿರುಗಿ, "ತಮ್ಮಾ, ನಮ್ಮ ಚಿಗಳ್ಳಿ ಲೆಕ್ಕಕ್ಕ ಎರಡು ಸೇರು ತೂಗೋ. ಉಪವಾಸ ನಾಳೆ ಐತಿ, ಇವ್ರು ಇವತ್ತ ಮಾಡಸ್ತಾರ" ಎಂದರು.

ಮನೆಯಲ್ಲಿಯೂ ಅದೇ ಪಾಡು. ಪಲ್ಲೆ ಒಲೆಗೆ ಏರುವ ಮೊದಲು ಅದರ ನಾಮಾವಳಿ ಆಗಲೇಬೇಕು. "ಹೆಸರಿಟ್ಟು ಮುಗೀತಲ್ರಿ, ಇನ್ನ ತೊಟ್ಟಲಕ್ಕ ಹಾಕಿ ತೂಗ್ರಿ!" ಎನ್ನುತ್ತಿದ್ದರು ಕಾಕಾನ ಹೆಂಡತಿ, ನಮ್ಮ ಕಾಕು. ಒಮ್ಮೆ ಕಾಕಾ, ಅಮೆರಿಕದವರು ಬದನೆಕಾಯಿಗೆ ಇಂಗ್ಲಿಷಿನಲ್ಲಿ ಎಗ್‌ಪ್ಲಾಂಟ್, ಅಂದರೆ ತತ್ತಿಗಿಡ ಅನ್ನುತ್ತಾರೆಂದು ವಿವರಿಸಿದ್ದೇ ತಪ್ಪಾಯಿತು. ತತ್ತಿ ಹೆಸರಿನ ಕಾಯಿ ತನ್ನ ಒಲೆ ಹತ್ತಕೂಡದೆಂದು ಕಾಕು ಶ್ರಾವಣವಿಡೀ ಬದನೆಕಾಯಿ ಮಾಡಲಿಲ್ಲ. ಎಣ್ಣೆಗಾಯಿಗೆ ಪ್ರಾಣ ಬಿಡುವ ಕಾಕಾ ಆ ತಿಂಗಳು ಅಮೆರಿಕಕ್ಕೆ ಹಾಕಿದ ಶಾಪ ಒಂದೆರಡಲ್ಲ!

ಆ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಹಡಗಿನಿಂದ ಮತ್ತೆ ಕರೆ ಬಂತು. ಮದುವೆಯಾದಂದಿನಿಂದ ಕಾಕು, ಗಂಡನ ಮುಖಕ್ಕಿಂತ ಗಂಡನ ಟ್ರಂಕಿನ ಬೆನ್ನನ್ನೇ ಹೆಚ್ಚು ಕಂಡವರು. ಅಷ್ಟರಲ್ಲಿ ದಾಂಡೇಲಿಯಿಂದ ಸುದ್ದಿ ಬಂತು: ಕಾರ್ಖಾನೆಯೊಂದಕ್ಕೆ ಯಂತ್ರ ಕೂಡಿಸಲು ಸ್ಪೇನ್ ದೇಶದ ಸಾಹೇಬರು ಬಂದಿದ್ದಾರೆ, ಅವರ ಬಂಗಲೆಯ ಮ್ಯಾನೇಜರಿಗೆ ಇಂಗ್ಲಿಷ್ ಬರುತ್ತದೆ, ಮೇಡಮ್ಮನವರಿಗೆ ಸ್ಪ್ಯಾನಿಷ್ ಮಾತ್ರ, ಎರಡೂ ತಿಳಿದ ಅಡಿಗೆಯವ ಬೇಕು. ಕೆಲಸ ಸಿಕ್ಕರೆ ಕಾಕಾ ಊರಲ್ಲೇ ಉಳಿದಂತೆ!

"ಸಿಕ್ಕರೇನು, ಬಿಟ್ಟರೇನು! ಇವ್ರಿಲ್ದಿದ್ರ ಮನಿ ತಣ್ಣಗಿರತೈತಿ" ಎಂದರು ಕಾಕು. ಅಂದು ಬೆಳಿಗ್ಗೆ ಅವರು ಬಸವಣ್ಣನ ದೀಪಕ್ಕೆ ಎಣ್ಣೆ ಹಾಕಿ, ಹೊರಗೆ ಬಂದು, ಮತ್ತೆ ಒಳಗೆ ಹೋಗಿ ಇನ್ನಷ್ಟು ಹಾಕಿದ್ದನ್ನು ನಾನು ನೋಡಿದೆ.

ಬುಟ್ಟಿ ಹೊತ್ತು ನಾನೂ ಜೊತೆಗೆ ದಾಂಡೇಲಿಗೆ ಹೋದೆ. ಮ್ಯಾನೇಜರು ಬೀನ್ಸ್ ಎತ್ತಿ ತೋರಿಸಿ, "ಬೀನ್ಸ್! ಮೇಡಂಗೆ ಹೇಳ್ರಿ" ಎಂದರು.

"ಚೌಚಾ" ಎಂದರು ಕಾಕಾ. ಮೇಡಮ್ಮ ಕಣ್ಣು ಮಿಟುಕಿಸಿದರು. "ಎಹೋತೆ. ವಾಯ್ನೀತಾ." ಊಹೂಂ. ಕೊನೆಗೆ ಆಕೆಯೇ ಬುಟ್ಟಿಗೆ ಬಗ್ಗಿ ನೋಡಿ, ನಕ್ಕು, "ಹುದಿಯಾಸ್!" ಎಂದರು.

ಅಲ್ಲಿಗೆ ಗೋಣು ಹಾಕಿದ್ದರೆ ಕೆಲಸ ಕಾಕಾನದೇ. ಹಾಕಿದರೇ? ಬೆರಳು ಅಲ್ಲಾಡಿಸಿ "ನೋ ಅವ್ವಾ, ಚೌಚಾ!" ಎಂದರು. ಆಕೆ ವಟಾಣಿಗೆ ಗಿಸಾಂತೆ ಎಂದರೆ ಇವರು ಆರ್ವೇಹಾ ಎಂದು ತಿದ್ದಿದರು. ಆಕೆ ಪತಾತಾ ಎಂದು ಬಟಾಟಿ ಎತ್ತಿದರೆ ಇವರು ಪಾಪಾ ಎಂದು ಕಸಿದುಕೊಂಡರು. ಹೇಳುವುದನ್ನೇ ಮರೆತೆ ನೋಡಿ: ಕಾಕಾನ ಹಡಗು ಎಲ್ಲ ಕಡೆ ತಿರುಗಿತ್ತು, ಸ್ಪೇನಿಗೊಂದು ಹೋಗಿರಲಿಲ್ಲ!

"ಹಿರೇರ, ಇಲ್ಲಿ ಬೇಕಾದ್ದು ಅಡಗಿಯವ್ರು. ಮಾಸ್ತರ್ ಬ್ಯಾಡ" ಎಂದು ಮ್ಯಾನೇಜರು ನಮ್ಮನ್ನು ಗೇಟಿನ ತನಕ ಬಿಟ್ಟರು.

ಹಿಂತಿರುಗುವ ಬಸ್ಸಿನಲ್ಲಿ ಕಾಕಾ ನಿಟ್ಟುಸಿರುಬಿಟ್ಟರು. "ಸ್ಪೇನದಾಕಿ ಅಂತ, ಸ್ಪ್ಯಾನಿಷ್ ಬರೂದಿಲ್ಲ. ನಿನ್ನಂಗ ಸಾಲಿ ಅರ್ಧಕ್ಕ ಬಿಟ್ಟಾಳೇನೊ!"

ಇನ್ನೇನು ಉಳಿಯಿತು? ಹಡಗೇ ಗತಿ. ಅಳ್ನಾವರದ ರೈಲು ಹಿಡಿಯಲು ಬೆಳಗಿನ ಬಸ್ಸಿಗೆ ಹೊರಟರು. ನಾನು ಟ್ರಂಕು ಹೊತ್ತೆ. ಕಾಕು ಪಡಸಾಲೆಯಲ್ಲಿ ಈಳಿಗೆಯ ಮುಂದೆ ಕೂತು, ತಲೆ ಎತ್ತದೆ, ಒಂದು ಗೋವಿನಜೋಳದ ತೆನೆ ಹಿಡಿದು ಕೇಳಿದರು.

"ಇದಕ್ಕ ವೆರಾಕ್ರೂಜದಾಗ ಚೋಕ್ಲೊ ಅಂತಾರಲ್ರಿ?"

ಕಾಕಾ ಹೊಸ್ತಿಲ ಮೇಲೆ ನಿಂತರು. "ವೆರಾಕ್ರೂಜದಾಗ ಎಲೋತೆ! ಚೋಕ್ಲೊ ಅನ್ನೂದು ಪೆರು ದೇಶದಾಗ."

"ಹೌದೇನು? ಗೆಣಸಿಗೆ ಹವಾನಾದಾಗ ಕಮೋತೆ, ಅದಂತೂ ಖರೆ."

"ಎಲ್ಲಿ ಖರೆ? ಹವಾನಾದಾಗ ಬೊನಿಯಾತೊ!" ಕಾಕಾ ಒಳಗೆ ಬಂದರು.

"ವಟಾಣಿಗೆ ಬ್ಯೂನಸ್ ಐರಿಸದಾಗ ಚೀಚಾರೊ."

"ಶಿವ ಶಿವಾ! ಇಷ್ಟು ವರ್ಷ ಕಿವಿಯಾಗ ಏನ ಇಟ್ಕೊಂಡಿದ್ದಿ? ಕೇಳಿಲ್ಲಿ..." ಕಾಕಾ ಬೂಟು ಬಿಚ್ಚಿ, ನನ್ನ ಹೆಗಲಿನ ಟ್ರಂಕು ಇಳಿಸಿಕೊಂಡು, ಅದರ ಮೇಲೆಯೇ ಕೂತು ಪಾಠ ಸುರುಮಾಡಿದರು. ಪೇಟೆಯ ಕಡೆ ಬಸ್ಸು ಹಾರ್ನು ಹೊಡೆಯಿತು. ಹೊಡೆದು ಹೊಡೆದು ಹೋಯಿತು. ಗಂಟಲೊಣಗಿದ ಕಾಕಾ ನೀರಿಗೆಂದು ಒಳಗೆ ಎದ್ದರು.

ನಾನು ನಿಂತಲ್ಲೇ ಯೋಚಿಸುತ್ತಿದ್ದೆ. ಹೆಸರು ಒಂದೂ ತಪ್ಪಿರಲಿಲ್ಲ, ಬಂದರು ಒಂದೂ ಸರಿಯಿರಲಿಲ್ಲ! ಅಷ್ಟು ಅಚ್ಚುಕಟ್ಟಾಗಿ ತಪ್ಪಬೇಕಾದರೆ ಎಲ್ಲ ಸರಿಯಾಗಿ ಗೊತ್ತಿರಬೇಕಲ್ಲವೆ?

"ಕಾಕೂ," ಎಂದೆ ಮೆಲ್ಲಗೆ, "ನಿಮಗ ಎಲ್ಲಾ ಬರತೈತಿ."

"ಬಾಯಿ ಮುಚ್ಚೋ ತಮ್ಮಾ," ಎಂದರು ಕಾಕು. ಬುಟ್ಟಿಯಲ್ಲಿ ತಡಕಾಡಿ ಒಂದು ಬೀಟ್‌ರೂಟ್ ಎತ್ತಿಕೊಂಡರು. "ಇನ್ನೂ ಹನ್ನೊಂದರ ಬಸ್ಸು ಐತಿ."